ಒಂದೇ ಸ್ವಿಚ್, ಎರಡು ಪಿಸಿ, ಆದರೂ ಪಿಂಗ್ ಹೋಗಲ್ಲ: ನೆಟ್‌ವರ್ಕಿಂಗ್ ಬುಡದಿಂದ ಕಲಿಯುವುದು ಹೇಗೆ?

ರಾಣೆಬೆನ್ನೂರ್_ಹುಡುಗ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬಿಸಿಎ ಮುಗಿಸಿ ಒಂದೂವರೆ ವರ್ಷ ಆಯಿತು. ಈಗ ಒಂದು ಆಫೀಸಿನಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸ ಮಾಡುತ್ತಿದ್ದೇನೆ. ವಿಂಡೋಸ್ ಹಾಕುವುದು, ಪ್ರಿಂಟರ್ ಸರಿಮಾಡುವುದು, ಯಾರದ್ದಾದರೂ ನೆಟ್ ಹೋದರೆ ಕೇಬಲ್ ಕಿತ್ತು ಮತ್ತೆ ಹಾಕಿ ನೋಡುವುದು. ನೆಟ್‌ವರ್ಕ್ ಕಡೆ ಹೋಗಬೇಕು ಅಂತ ತುಂಬಾ ಆಸೆ. ಮೂರು ತಿಂಗಳಿಂದ ದಿನಾ ರಾತ್ರಿ ವಿಡಿಯೋ ನೋಡುತ್ತಿದ್ದೇನೆ. ಓಎಸ್‌ಐ (ನೆಟ್‌ವರ್ಕ್ ಕೆಲಸವನ್ನು ಹಂತಹಂತವಾಗಿ ವಿಂಗಡಿಸುವ) ಮಾದರಿಯ ಏಳು ಲೇಯರ್‌ಗಳನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಹೇಳಬಲ್ಲೆ.

ಕಳೆದ ವಾರ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಒಂದೇ ಪ್ರಶ್ನೆ ಕೇಳಿದರು. "ಒಂದು ಸ್ವಿಚ್. ಅದಕ್ಕೆ ಎರಡು ಪಿಸಿ. ಒಂದರ ಐಪಿ 192.168.10.5, ಇನ್ನೊಂದರದ್ದು 192.168.20.5. ಎರಡರ ಮಾಸ್ಕೂ 255.255.255.0. ಪಿಂಗ್ ಹೋಗುತ್ತಾ?" (ಪಿಂಗ್ ಅಂದರೆ ಒಂದು ಪಿಸಿಯಿಂದ ಇನ್ನೊಂದಕ್ಕೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತಾ ಅಂತ ನೋಡುವುದು.) ಹೋಗಲ್ಲ ಅಂದೆ. "ಯಾಕೆ? ಪ್ಯಾಕೆಟ್ ಎಲ್ಲಿ ನಿಲ್ಲುತ್ತೆ?" ಅಂದರು. ಸ್ವಿಚ್ ತಡೆಯುತ್ತೆ ಅಂದೆ. ಅಲ್ಲಿಗೆ ಮುಗಿಯಿತು.

ಇಷ್ಟು ದಿನ ಓದಿದ್ದು ಏನು ಅಂತಲೇ ಗೊತ್ತಾಗುತ್ತಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ವಿಡಿಯೋ ನೋಡುವಾಗ ಎಲ್ಲಾ ಅರ್ಥವಾದ ಹಾಗೆ ಇರುತ್ತದೆ, ಮುಚ್ಚಿಟ್ಟ ಮೇಲೆ ಏನೂ ಉಳಿಯುವುದಿಲ್ಲ. ಎಲ್ಲಿಂದ ಶುರು ಮಾಡಲಿ?


ರಾತ್ರಿಪಾಳಿ
ಸೋಮವಾರ, ರಾತ್ರಿ 11:15

ತಮ್ಮಾ, ಮೊದಲು ಆ ಪ್ರಶ್ನೆಯನ್ನೇ ಹಿಡಿಯೋಣ. ಹದಿನೆಂಟು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಕೆಲಸಕ್ಕೆ ಬಂದವರಿಗೆ ನಾನೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತೇನೆ. ಇಡೀ ರೂಟಿಂಗ್, ಸ್ವಿಚಿಂಗ್ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಸ್ವಿಚ್ ಐಪಿ ನೋಡುವುದೇ ಇಲ್ಲ. ಅದಕ್ಕೆ 10 ಯಾವುದು, 20 ಯಾವುದು ಗೊತ್ತಿಲ್ಲ. ಅದು ನೋಡುವುದು ಮ್ಯಾಕ್ ವಿಳಾಸ ಮಾತ್ರ, ಅಂದರೆ ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಇರುವ ಗುರುತಿನ ನಂಬರ್. ಹಾಗಾದರೆ ತಡೆದವರು ಯಾರು? ನಿನ್ನ ಪಿಸಿಯೇ.

ಪಿಂಗ್ ಕೊಟ್ಟ ತಕ್ಷಣ ಪಿಸಿ ತನ್ನನ್ನು ತಾನೇ ಕೇಳಿಕೊಳ್ಳುತ್ತದೆ: "ಈ 192.168.20.5 ನನ್ನ ಬೀದಿಯದ್ದಾ, ಬೇರೆ ಬೀದಿಯದ್ದಾ?" ಉತ್ತರ ಹೇಳುವುದು ಮಾಸ್ಕ್. 255.255.255.0 ಅಂದರೆ ಮೊದಲ ಮೂರು ಅಂಕಿ ಒಂದೇ ಆಗಿರಬೇಕು. ಇಲ್ಲಿ 10 ಬೇರೆ, 20 ಬೇರೆ. ಆದ್ದರಿಂದ ಬೇರೆ ಬೀದಿ. ಬೇರೆ ಬೀದಿಗೆ ಹೋಗಬೇಕಾದರೆ ಗೇಟ್‌ವೇ ಬೇಕು, ಅಂದರೆ ಹೊರಗೆ ದಾಟಿಸುವ ರೂಟರಿನ ವಿಳಾಸ. ಗೇಟ್‌ವೇ ಕೊಟ್ಟಿಲ್ಲ. ಪಿಸಿ ಪ್ಯಾಕೆಟ್ಟನ್ನು ಅಲ್ಲೇ ಬಿಸಾಕುತ್ತದೆ. ಕೇಬಲ್ಲಿಗೇ ಇಳಿಯುವುದಿಲ್ಲ, ಸ್ವಿಚ್ಚಿಗೆ ಸುದ್ದಿಯೇ ಮುಟ್ಟುವುದಿಲ್ಲ.

ನಮ್ಮ ಕಡೆ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತೇವಲ್ಲ, ಅದನ್ನು ನೆನೆಸಿಕೋ. ಪಕ್ಕದ ಮನೆಗೆ ಕೊಡುವುದಾದರೆ ನೀನೇ ನಡೆದುಹೋಗಿ ಕೊಡುತ್ತೀಯ. ಮೈಸೂರಿಗೆ ಕಳಿಸುವುದಾದರೆ ಬಸ್ ಸ್ಟ್ಯಾಂಡಿಗೆ ಒಯ್ಯುತ್ತೀಯ. ಡಬ್ಬದ ಮೇಲೆ ಮೈಸೂರಿನ ವಿಳಾಸ ಬರೆದಿದೆ, ಅದು ಕೊನೆತನಕ ಬದಲಾಗಲ್ಲ. ಆದರೆ ದಾವಣಗೆರೆಯಲ್ಲಿ ಒಂದು ಬಸ್ಸು ಇಳಿಸಿ ಇನ್ನೊಂದಕ್ಕೆ ಹಾಕುತ್ತಾರೆ, ಬೆಂಗಳೂರಿನಲ್ಲಿ ಮತ್ತೊಂದಕ್ಕೆ. ಡಬ್ಬದ ಮೇಲಿನ ವಿಳಾಸ ಐಪಿ. ಈ ಹೊತ್ತಿನಲ್ಲಿ ಯಾವ ಬಸ್ಸಿನಲ್ಲಿದೆ ಅನ್ನುವುದು ಮ್ಯಾಕ್. ಬಸ್ ಸ್ಟ್ಯಾಂಡ್ ರೂಟರ್.

ಮೂರು ತಿಂಗಳು ವ್ಯರ್ಥ ಆಯಿತು ಅಂದುಕೊಳ್ಳಬೇಡ. ಪದಗಳ ಪರಿಚಯ ಆಗಿದೆ. ಇನ್ನು ಕೈಯಲ್ಲಿ ಮಾಡಬೇಕು, ಅಷ್ಟೇ.


ಪಾಲಿಟೆಕ್ನಿಕ್_ಮೇಡಂ
ಮಂಗಳವಾರ, ಬೆಳಿಗ್ಗೆ 6:50

ಮೇಲಿನ ಉತ್ತರ ಚೆನ್ನಾಗಿದೆ. ನಾನು ಕಲಿಸುವ ವಿಧಾನ ಹೇಳುತ್ತೇನೆ. ಒಂದು 100 ಪುಟದ ನೋಟ್‌ಬುಕ್, ಒಂದು ಪೆನ್ಸಿಲ್ ತಗೊಳ್ಳಿ. ಸದ್ಯಕ್ಕೆ ವಿಡಿಯೋ ನಿಲ್ಲಿಸಿ.

ಒಂದು ರೂಟರ್ ಬರೆಯಿರಿ. ಎಡಕ್ಕೆ ಒಂದು ಸ್ವಿಚ್, ಒಂದು ಪಿಸಿ. ಬಲಕ್ಕೆ ಒಂದು ಸ್ವಿಚ್, ಒಂದು ಪಿಸಿ. ಎಡಕ್ಕೆ 192.168.10.0, ಬಲಕ್ಕೆ 192.168.20.0. ರೂಟರಿನ ಎಡಗಡೆ ಪೋರ್ಟಿಗೆ 192.168.10.1, ಬಲಗಡೆ ಪೋರ್ಟಿಗೆ 192.168.20.1. ಪ್ರತಿ ಪಿಸಿಗೂ ಅದರ ಕಡೆಯ ಪೋರ್ಟೇ ಗೇಟ್‌ವೇ. ಮ್ಯಾಕ್ ವಿಳಾಸ ಪೂರ್ತಿ ಬರೆಯಬೇಡಿ, 48 ಬಿಟ್ ಬರೆದು ಕಣ್ಣು ನೋಯಿಸಿಕೊಳ್ಳುವುದು ಬೇಡ. "ಪಿಸಿ1", "ರೂಟರ್ ಎಡ", "ರೂಟರ್ ಬಲ", "ಪಿಸಿ2" ಅಂತ ಹೆಸರಿಡಿ.

ಈಗ ಕೆಳಗೆ ನಾಲ್ಕು ಕಾಲಂ ಹಾಕಿ. ಯಾವ ಮ್ಯಾಕ್‌ನಿಂದ, ಯಾವ ಮ್ಯಾಕ್‌ಗೆ, ಯಾವ ಐಪಿಯಿಂದ, ಯಾವ ಐಪಿಗೆ. ಪಿಸಿ1 ಪಿಸಿ2ಗೆ ಪಿಂಗ್ ಮಾಡಿದೆ. ಮೊದಲ ಸಾಲು ಏನು ಬರೆಯುತ್ತೀರಿ? ನನ್ನ ಕ್ಲಾಸಿನಲ್ಲಿ ಹತ್ತರಲ್ಲಿ ಎಂಟು ಮಕ್ಕಳು ಎರಡನೇ ಕಾಲಂನಲ್ಲಿ "ಪಿಸಿ2" ಅಂತ ಬರೆಯುತ್ತಾರೆ. ತಪ್ಪು. ಅಲ್ಲಿ ಬರಬೇಕಾದ್ದು "ರೂಟರ್ ಎಡ". ಐಪಿ ಕಾಲಂನಲ್ಲಿ ಮಾತ್ರ 192.168.20.5. ಎರಡನೇ ಸಾಲು ರೂಟರ್ ದಾಟಿದ ಮೇಲೆ: "ರೂಟರ್ ಬಲ"ದಿಂದ "ಪಿಸಿ2"ಗೆ. ಐಪಿ ಎರಡೂ ಹಾಗೇ ಇವೆ. ಈ ಎರಡು ಸಾಲು ನೋಡಿದಾಗ ಒಂದು ಹುಡುಗಿ "ಮೇಡಂ, ಹಂಗಾದ್ರೆ ಮ್ಯಾಕ್ ಬೀದಿ ದಾಟೋದೇ ಇಲ್ವಾ?" ಅಂತ ಕೇಳಿದಳು. ಆ ಪ್ರಶ್ನೆ ಬಂದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ. ಹೌದು, ದಾಟುವುದೇ ಇಲ್ಲ.

ಇನ್ನು ಎರಡು ಸ್ವಿಚ್‌ಗಳ ಪಕ್ಕ ಒಂದೊಂದು ಚಿಕ್ಕ ಪಟ್ಟಿ ಹಾಕಿ. ಫ್ರೇಮ್ (ಮ್ಯಾಕ್ ವಿಳಾಸ ಬರೆದ, ಪ್ಯಾಕೆಟ್ಟಿನ ಹೊರಕವಚ) ಬಂದಾಗಲೆಲ್ಲ ಸ್ವಿಚ್ ಏನು ಕಲಿಯಿತು ಅಂತ ಬರೆಯಿರಿ. ಅದು ಕಲಿಯುವುದು ಕಳಿಸಿದವರ ಮ್ಯಾಕ್‌ನಿಂದ. ಯಾರಿಗೆ ಹೋಗಬೇಕು ಅಂತ ಹುಡುಕುವುದು ಮುಟ್ಟಬೇಕಾದವರ ಮ್ಯಾಕ್‌ನಿಂದ. ಪಟ್ಟಿಯಲ್ಲಿ ಇಲ್ಲದಿದ್ದರೆ ಬಂದ ಪೋರ್ಟ್ ಬಿಟ್ಟು ಉಳಿದ ಎಲ್ಲಾ ಪೋರ್ಟಿಗೂ ಕಳಿಸುತ್ತದೆ. 300 ಸೆಕೆಂಡ್ ಆ ಮ್ಯಾಕ್‌ನಿಂದ ಏನೂ ಬರದಿದ್ದರೆ ಸಾಮಾನ್ಯವಾಗಿ ಮರೆತುಬಿಡುತ್ತದೆ.

ಪಿಂಗಿನ ಉತ್ತರ ವಾಪಸ್ ಬರುವ ಎರಡು ಸಾಲನ್ನೂ ತಪ್ಪದೇ ಬರೆಯಿರಿ. ಎಲ್ಲರೂ ಬಿಟ್ಟುಬಿಡುವುದು ಅದನ್ನೇ. ಆಮೇಲೆ ಪ್ಯಾಕೆಟ್ ಟ್ರೇಸರ್ ಅನ್ನುವ, ಸಿಸ್ಕೋ ಕಂಪನಿಯ ಸಿಮ್ಯುಲೇಟರ್ ಹಾಕಿಕೊಂಡು ಇದನ್ನೇ ಕಟ್ಟಿ. ಅದು ಪುಕ್ಕಟೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರ ಸಿಮ್ಯುಲೇಶನ್ ಮೋಡ್‌ನಲ್ಲಿ ಪ್ಯಾಕೆಟ್ ಲಕೋಟೆಯ ಹಾಗೆ ಓಡಾಡುತ್ತದೆ. ಲಕೋಟೆ ಒತ್ತಿದರೆ ಒಳಗಿನ ವಿಳಾಸ ಕಾಣುತ್ತದೆ. ನಿಮ್ಮ ನಾಲ್ಕು ಕಾಲಂ ಜೊತೆ ಹೋಲಿಸಿ.

ಭಾಷೆಯ ಬಗ್ಗೆ ಒಂದು ಮಾತು. ಗೇಟ್‌ವೇ, ಮಾಸ್ಕ್, ಫ್ರೇಮ್ ಪದಗಳು ಹಾಗೇ ಇರಲಿ, ಕೆಲಸದಲ್ಲಿ ಅವೇ ಬೇಕು. ಆದರೆ "ಯಾಕೆ" ಅನ್ನುವುದನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಕನ್ನಡದಲ್ಲಿ ವಿವರಿಸಲು ಆಗದಿದ್ದರೆ ಇನ್ನೂ ಅರ್ಥವಾಗಿಲ್ಲ ಅಂತಲೇ ತಿಳಿಯಿರಿ.


ರಾಣೆಬೆನ್ನೂರ್_ಹುಡುಗ
ಬುಧವಾರ, ರಾತ್ರಿ 10:20

ಮೇಡಂ, ಅಣ್ಣಾ, ತುಂಬಾ ಥ್ಯಾಂಕ್ಸ್. ನೋಟ್‌ಬುಕ್ಕಿನಲ್ಲಿ ಬರೆದೆ. ನಾನೂ ಮೊದಲ ಸಾಲಿನಲ್ಲಿ "ಪಿಸಿ2" ಅಂತಲೇ ಬರೆದಿದ್ದೆ. ಅಳಿಸಿ ಸರಿಮಾಡಿದೆ.

ಪ್ಯಾಕೆಟ್ ಟ್ರೇಸರಿನಲ್ಲಿ ಮೊದಲು ರೂಟರ್ ಇಲ್ಲದೆ ಇಂಟರ್‌ವ್ಯೂ ಪ್ರಶ್ನೆಯನ್ನೇ ಕಟ್ಟಿದೆ. ಲಕೋಟೆ ಪಿಸಿ1 ಬಿಟ್ಟು ಹೊರಗೇ ಬರಲಿಲ್ಲ. ಅಲ್ಲೇ ಸತ್ತಿತು. ನೋಡಿ ಮೈ ಜುಮ್ ಅಂದಿತು.

ಆಮೇಲೆ ರೂಟರ್ ಹಾಕಿದೆ. ಈಗ ಹೋಗುತ್ತಿದೆ. ಆದರೆ ನಾಲ್ಕು ಪಿಂಗಿನಲ್ಲಿ ಮೊದಲನೆಯದು ಟೈಮ್ಡ್ ಔಟ್, ಉಳಿದ ಮೂರು ಸರಿ. ಎರಡನೇ ಸಲ ಕೊಟ್ಟರೆ ನಾಲ್ಕೂ ಸರಿ. ಎಲ್ಲಾ ಅಳಿಸಿ ಮತ್ತೆ ಕಟ್ಟಿದರೂ ಹಾಗೇ. ಏನೋ ತಪ್ಪು ಮಾಡಿದ್ದೀನಾ?


ರಾತ್ರಿಪಾಳಿ
ಬುಧವಾರ, ರಾತ್ರಿ 11:05

ತಪ್ಪಿಲ್ಲ. ಅದು ಎಆರ್‌ಪಿ. ಇದನ್ನು ಗಮನಿಸಿದೆಯಲ್ಲ, ಅದೇ ದೊಡ್ಡದು.

ಪಿಸಿ1ಕ್ಕೆ ಗೇಟ್‌ವೇಯ ಐಪಿ ಗೊತ್ತು, ಮ್ಯಾಕ್ ಗೊತ್ತಿಲ್ಲ. ಮ್ಯಾಕ್ ಇಲ್ಲದೆ ಫ್ರೇಮ್ ಕಟ್ಟಲು ಆಗಲ್ಲ. ಅದಕ್ಕೇ ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತದೆ: "192.168.10.1 ಯಾರಪ್ಪಾ? ನಿನ್ನ ಮ್ಯಾಕ್ ಹೇಳು." ರೂಟರ್ ಉತ್ತರ ಕೊಡುತ್ತದೆ. ಪ್ಯಾಕೆಟ್ ರೂಟರಿಗೆ ಬಂದ ಮೇಲೆ ಅದಕ್ಕೂ ಅದೇ ಪಾಡು. ಪಿಸಿ2ರ ಮ್ಯಾಕ್ ಗೊತ್ತಿಲ್ಲ, ಬಲಗಡೆ ಬೀದಿಯಲ್ಲಿ ಕೂಗಬೇಕು. ಅಷ್ಟರಲ್ಲಿ ಕೈಯಲ್ಲಿದ್ದ ಮೊದಲ ಪ್ಯಾಕೆಟ್ಟನ್ನು ಬಿಟ್ಟುಬಿಡುತ್ತದೆ. ಎರಡನೆಯದು ಬರುವ ಹೊತ್ತಿಗೆ ಉತ್ತರ ಸಿಕ್ಕಿರುತ್ತದೆ.

ನಿಜವಾದ ಸಿಸ್ಕೋ ರೂಟರಿನಿಂದಲೇ ಪಿಂಗ್ ಮಾಡಿದರೆ ಐದು ಹೋಗುತ್ತವೆ. ಮೊದಲ ಸಲ ಪರದೆಯ ಮೇಲೆ ಒಂದು ಚುಕ್ಕಿ, ಆಮೇಲೆ ನಾಲ್ಕು ಆಶ್ಚರ್ಯಸೂಚಕ ಚಿಹ್ನೆ ಬರುತ್ತವೆ. ಶೇ. 80 ಯಶಸ್ಸು ಅಂತ ತೋರಿಸುತ್ತದೆ. ಆ ಚುಕ್ಕಿ ಯಾಕೆ ಅಂತ ಗೊತ್ತಿದ್ದವನಿಗೆ ಲೇಯರ್ 2 (ಮ್ಯಾಕ್), ಲೇಯರ್ 3 (ಐಪಿ) ಎಲ್ಲಿ ಕೂಡುತ್ತವೆ ಅಂತ ಗೊತ್ತು. ಎಆರ್‌ಪಿ 1982ರಲ್ಲಿ ಬಂದ ಪ್ರೋಟೋಕಾಲ್ (ಯಂತ್ರಗಳು ಮಾತಾಡಿಕೊಳ್ಳುವ ನಿಯಮ), ಇವತ್ತಿಗೂ ನಿನ್ನ ಆಫೀಸಿನ ಪ್ರತಿ ಪಿಸಿಯಲ್ಲೂ ಓಡುತ್ತಿದೆ.


ಹುಬ್ಬಳ್ಳಿ_ಕೇಬಲ್
ಗುರುವಾರ, ಮಧ್ಯಾಹ್ನ 1:30

ಮಾಸ್ಕ್ ವಿಷಯ ಬಂತಲ್ಲ, ನನಗೆ ಪಾಠ ಕಲಿಸಿದ ಒಂದು ಪ್ರಸಂಗ ಹೇಳುತ್ತೇನೆ. ಹತ್ತು ವರ್ಷದ ಹಿಂದಿನದು. ಒಂದು ಆಫೀಸಿನಲ್ಲಿ ಹೊಸ ನೆಟ್‌ವರ್ಕ್ ಪ್ರಿಂಟರ್. ಅಕೌಂಟ್ಸ್ ಸೆಕ್ಷನ್ನಿನವರು ಪ್ರಿಂಟ್ ಕೊಟ್ಟರೆ ಬರುತ್ತದೆ. ಮುಂದಿನ ಹಾಲಿನಲ್ಲಿ ಕೂತವರು ಕೊಟ್ಟರೆ ಬರಲ್ಲ. ಎಲ್ಲಾ ಒಂದೇ ಸ್ವಿಚ್ಚಿಗೇ ಕೂಡಿವೆ.

ಎರಡು ದಿನ ಒದ್ದಾಡಿದೆ. ಕೇಬಲ್ ಬದಲಿಸಿದೆ. ಕ್ರಿಂಪಿಂಗ್ ಟೂಲ್ ಹಿಡಿದು ಕೂತು ಹಾಲಿನ ಆರು ಕೇಬಲ್‌ಗಳ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಅವತ್ತು ಆ ಸಾಲು ಬಾಯಿಪಾಠ ಆಗಿದ್ದು ಇವತ್ತಿಗೂ ಮರೆತಿಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಸ್ವಿಚ್ ಪೋರ್ಟ್ ಬದಲಿಸಿದೆ. ಏನೂ ಆಗಲಿಲ್ಲ.

ಮೂರನೇ ದಿನ ಒಬ್ಬ ಹಿರಿಯರು ಬಂದರು. ಕೇಬಲ್ ಮುಟ್ಟಲೇ ಇಲ್ಲ. ಒಂದು ಹಾಳೆ ತಗೊಂಡು ಯಾರ ಐಪಿ ಎಷ್ಟು ಅಂತ ಕೇಳಿ ಎರಡು ಸಾಲಾಗಿ ಬರೆದರು. ಪ್ರಿಂಟ್ ಬರುವ ಪಿಸಿಗಳು: 192.168.1.150, 151, 154. ಬರದ ಪಿಸಿಗಳು: 192.168.1.20, 22, 31, 40. ಪ್ರಿಂಟರ್: 192.168.1.200. ಹಾಳೆ ನೋಡಿ, ಪ್ರಿಂಟರಿನ ಮಾಸ್ಕ್ ತೆಗೆದು ತೋರಿಸು ಅಂದರು. ಎಲ್ಲಾ ಪಿಸಿಗಳಲ್ಲಿ 255.255.255.0 ಇತ್ತು. ಪ್ರಿಂಟರಿನಲ್ಲಿ 255.255.255.128. ಗೇಟ್‌ವೇ ಖಾಲಿ.

ಏನಾಗಿತ್ತು ಅಂದರೆ, ಹಾಲಿನ ಪಿಸಿಗೆ ಪ್ರಿಂಟರ್ ತನ್ನ ಬೀದಿಯದ್ದೇ. ಆದರೆ ಪ್ರಿಂಟರಿಗೆ ತನ್ನ ಬೀದಿ 128ರಿಂದ 255ರವರೆಗೆ ಮಾತ್ರ. 20 ಅದರ ಪಾಲಿಗೆ ಪರಊರು. ಪರಊರಿಗೆ ಉತ್ತರ ಕಳಿಸಲು ಗೇಟ್‌ವೇ ಇಲ್ಲ. ಹೋಗುವುದು ಸರಿ, ವಾಪಸ್ ಬರುವುದಿಲ್ಲ. ಮಾಸ್ಕ್‌ನ ಒಂದು ಅಂಕಿ ಬದಲಿಸಿದೆ. ಐದು ನಿಮಿಷದಲ್ಲಿ ಹಾಲಿನವರ ಹಳೇ ಪ್ರಿಂಟ್ ಎಲ್ಲಾ ಒಟ್ಟಿಗೇ ಹೊರಬಂತು.

ಹುಡುಗಾ, ನೀನು ಈಗ ಮಾಡುತ್ತಿರುವ ಕೆಲಸವೂ ನೆಟ್‌ವರ್ಕೇ. ನಾಳೆ ಯಾರದ್ದಾದರೂ ಪ್ರಿಂಟರ್ ಹೋದರೆ ಕೇಬಲ್ ಕೀಳುವ ಮೊದಲು ಮೂರು ಅಂಕಿ ಬರೆದುಕೋ: ಐಪಿ, ಮಾಸ್ಕ್, ಗೇಟ್‌ವೇ. 169.254 ಅಂತ ಶುರುವಾಗುವ ಐಪಿ ಕಂಡರೆ ಅದಕ್ಕೆ ಐಪಿ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕಿಲ್ಲ, ತಾನೇ ಒಂದನ್ನು ಹಾಕಿಕೊಂಡಿದೆ ಅಂತ ತಿಳಿ.


ಹೊಸಬ_ದಾವಣಗೆರೆ
ಗುರುವಾರ, ಸಂಜೆ 7:10

ಈ 128 ಎಲ್ಲಿಂದ ಬಂತು? ಸಬ್‌ನೆಟ್ ಲೆಕ್ಕ ನೋಡಿದರೇ ಭಯ ಆಗುತ್ತೆ. 0, 1 ಬರೆದು ಬರೆದು ಸಾಕಾಗಿದೆ.


ಪಾಲಿಟೆಕ್ನಿಕ್_ಮೇಡಂ
ಗುರುವಾರ, ರಾತ್ರಿ 8:30

ಭಯ ಬೇಡ. ಮೊದಲ ಎರಡು ವಾರ 0, 1 ಬರೆದೇ ಮಾಡಿ, ಯಾಕೆ ಅಂತ ಗೊತ್ತಾಗಲಿ. ಆಮೇಲೆ ಬಾಯಿಲೆಕ್ಕ ಸಾಕು.

ಸಬ್‌ನೆಟ್ ಅಂದರೆ ಒಂದು ಎಕರೆಯನ್ನು ಸಮ ಸೈಟುಗಳಾಗಿ ಒಡೆದ ಹಾಗೆ. ಜಾಗ 256. ಮಾಸ್ಕಿನ ಕೊನೆಯ ಅಂಕಿಯನ್ನು 256ರಿಂದ ಕಳೆಯಿರಿ, ಒಂದು ಸೈಟಿನ ಅಳತೆ ಸಿಗುತ್ತದೆ. ಮಾಸ್ಕ್ 128 ಆದರೆ 256ರಲ್ಲಿ 128 ಹೋದರೆ 128. ಅಂದರೆ ಎರಡು ಸೈಟು: 0ರಿಂದ 127, 128ರಿಂದ 255. ಪ್ರಿಂಟರ್ 200 ಎರಡನೇ ಸೈಟಿನಲ್ಲಿತ್ತು, ಪಿಸಿ 20 ಮೊದಲನೇ ಸೈಟಿನಲ್ಲಿತ್ತು. ಅಷ್ಟೇ ಕಥೆ.

192.168.10.77/26 ತಗೊಳ್ಳಿ. /26 ಅಂದರೆ ಮಾಸ್ಕಿನ ಮೊದಲ 26 ಬಿಟ್ 1, ಹಾಗಾಗಿ ಅದರ ಕೊನೆಯ ಅಂಕಿ 192. 256ರಲ್ಲಿ 192 ಹೋದರೆ 64. ಸೈಟುಗಳು 0, 64, 128, 192ರಿಂದ ಶುರು. 77 ಇರುವುದು 64ರ ಸೈಟಿನಲ್ಲಿ. ಮೊದಲ ನಂಬರ್ 64 ನೆಟ್‌ವರ್ಕಿನ ಹೆಸರು, ಕೊನೆಯ 127 ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಕೂಗುವ ವಿಳಾಸ. ಯಂತ್ರಗಳಿಗೆ ಕೊಡಲು ಉಳಿಯುವುದು 65ರಿಂದ 126, ಒಟ್ಟು 62.

ಇದನ್ನು ನೀವೇ ಮಾಡಿ ಹಾಕಿ: 172.16.37.200/20 ಯಾವ ನೆಟ್‌ವರ್ಕಿನದು? ಇಲ್ಲಿ ಸೈಟು ಒಡೆಯುವುದು ಮೂರನೇ ಅಂಕಿಯಲ್ಲಿ.


ಹೊಸಬ_ದಾವಣಗೆರೆ
ಗುರುವಾರ, ರಾತ್ರಿ 9:15

ಮಾಸ್ಕ್ 255.255.240.0. 256ರಲ್ಲಿ 240 ಹೋದರೆ 16. 0, 16, 32, 48. 37 ಇರುವುದು 32ರಲ್ಲಿ. 172.16.32.0. ಬ್ರಾಡ್‌ಕಾಸ್ಟ್ 172.16.47.255. ಸರೀನಾ ಮೇಡಂ?


ಪಾಲಿಟೆಕ್ನಿಕ್_ಮೇಡಂ
ಗುರುವಾರ, ರಾತ್ರಿ 9:18

ಪೂರ್ತಿ ಸರಿ. ದಿನಾ ಹತ್ತು ಮಾಡಿ.


ಮಲೆನಾಡ್_ಫೈಬರ್
ಶುಕ್ರವಾರ, ಬೆಳಿಗ್ಗೆ 8:00

ನಾನು ಊರಲ್ಲಿ ಫೈಬರ್ ಇಂಟರ್ನೆಟ್ ಕೊಡುವ ಕೆಲಸ ಮಾಡುತ್ತೇನೆ. ಸ್ಪ್ಲೈಸಿಂಗ್ ಮೆಷಿನ್ ಹೊತ್ತು ಕಂಬ ಕಂಬ ಸುತ್ತಿದವನು. ಸ್ವಿಚ್ ಬಗ್ಗೆ ಓದುವವರು ಲೂಪ್ ಏನು ಅಂತ ಕಣ್ಣಾರೆ ನೋಡಬೇಕು, ಪುಸ್ತಕದಲ್ಲಿ ಅದರ ಬಿಸಿ ಗೊತ್ತಾಗಲ್ಲ.

ಒಂದು ಕಾಲೇಜಿನ ಲ್ಯಾಬಿನಿಂದ ಫೋನ್ ಬಂತು, ಇಡೀ ಕ್ಯಾಂಪಸ್ ನೆಟ್ ನಿಂತಿದೆ ಅಂತ. ಹೋಗಿ ನೋಡಿದರೆ ಸ್ವಿಚ್ಚಿನ ದೀಪಗಳೆಲ್ಲ ಮಿನುಗುತ್ತಿಲ್ಲ, ಒಟ್ಟಿಗೇ ಉರಿಯುತ್ತಿದ್ದ ಹಾಗೆ ಕಾಣುತ್ತಿತ್ತು. ಅಷ್ಟು ವೇಗ. ಟೇಬಲ್ ಕೆಳಗೆ ಕೈ ಹಾಕಿ ಒಂದೊಂದೇ ಕೇಬಲ್ ಹಿಡಿದು ಹೋದೆ. ಒಂದು ಕೇಬಲ್ಲಿನ ಎರಡೂ ತುದಿ ಅದೇ ಸ್ವಿಚ್ಚಿನಲ್ಲಿತ್ತು. ಗುಡಿಸುವಾಗ ಯಾರೋ ಬಿದ್ದಿದ್ದ ತುದಿಯನ್ನು ಪಾಪ ಒಳ್ಳೆಯ ಮನಸ್ಸಿನಿಂದ ಖಾಲಿ ಪೋರ್ಟಿಗೆ ಹಾಕಿದ್ದರು. ಅದು ಇಂಥ ಸುತ್ತು ತಡೆಯುವ ಎಸ್‌ಟಿಪಿ (ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್) ಇಲ್ಲದ ಸಾದಾ ಸ್ವಿಚ್. ಒಂದು ತುದಿ ಕಿತ್ತೆ. ಹತ್ತು ಸೆಕೆಂಡಿನಲ್ಲಿ ಎಲ್ಲಾ ಸರಿಹೋಯಿತು.

ಐಪಿ ಪ್ಯಾಕೆಟ್ಟಿನಲ್ಲಿ ಟಿಟಿಎಲ್ ಅನ್ನುವ ಎಣಿಕೆ ಇದೆ. ಪ್ರತಿ ರೂಟರ್ ಒಂದು ಕಳೆಯುತ್ತದೆ, ಸೊನ್ನೆ ಆದರೆ ಪ್ಯಾಕೆಟ್ ಸಾಯುತ್ತದೆ. ಈಥರ್ನೆಟ್ ಫ್ರೇಮಿನಲ್ಲಿ ಅಂಥದ್ದೇನೂ ಇಲ್ಲ. ಒಂದು ಎಆರ್‌ಪಿ ಕೂಗು ಸುತ್ತಿಗೆ ಸಿಕ್ಕರೆ ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿಗೂ ಎಲ್ಲಾ ಪೋರ್ಟಿಗೂ ಒಂದೊಂದು ಪ್ರತಿ ಹೋಗುತ್ತದೆ. ಇದನ್ನು ತಡೆಯಲು ರೇಡಿಯಾ ಪರ್ಲ್‌ಮನ್ ಅನ್ನುವ ಹೆಣ್ಣುಮಗಳು 1985ರಲ್ಲಿ ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್ ಕಂಡುಹಿಡಿದರು. ಆಗ ಅವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನಲ್ಲಿದ್ದರು. ಸ್ವಿಚ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದನ್ನು ಬೇರು ಅಂತ ಆರಿಸುತ್ತವೆ, ಸುತ್ತು ಬರುವ ಪೋರ್ಟನ್ನು ಮುಚ್ಚುತ್ತವೆ. ಇರುವ ದಾರಿ ಕಡಿದರೆ ಮುಚ್ಚಿದ್ದು ತೆರೆಯುತ್ತದೆ. ಪ್ಯಾಕೆಟ್ ಟ್ರೇಸರಿನಲ್ಲಿ ಕೇಬಲ್ ಹಾಕಿದ ಮೇಲೆ ಅರ್ಧ ನಿಮಿಷ ಕಿತ್ತಳೆ ಬಣ್ಣ ಇದ್ದು ಆಮೇಲೆ ಹಸಿರಾಗುತ್ತದಲ್ಲ, ಅದು ಇದೇ. 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, 15 ಸೆಕೆಂಡ್ ಕಲಿಯುತ್ತದೆ.

ಇನ್ನೊಂದು ಚಿಕ್ಕದು. ನಮ್ಮ ಕೆಲವು ಗಿರಾಕಿಗಳಿಗೆ ಪಿಂಗ್ ಹೋಗುತ್ತಿತ್ತು, ಕೆಲವು ಸೈಟ್ ಮಾತ್ರ ತೆರೆಯುತ್ತಿರಲಿಲ್ಲ. ಪ್ಯಾಕೆಟ್ ಒಡೆಯಬೇಡ ಅಂತ ಹೇಳಿ ಪಿಂಗ್ ಕೊಟ್ಟೆ. 1472 ಬೈಟ್ ಹೋಗಲಿಲ್ಲ, 1464 ಹೋಯಿತು. ಹೆಡರಿನ 28 ಬೈಟ್ ಸೇರಿಸಿದರೆ ಅವು 1500, 1492. ಗಿರಾಕಿಯನ್ನು ಲಾಗಿನ್ ಮಾಡಿಸುವ ಪಿಪಿಪಿಒಇ 8 ಬೈಟ್ ತಿನ್ನುತ್ತದೆ, 1500 ಇದ್ದ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ) 1492 ಆಗುತ್ತದೆ. ಗಿರಾಕಿಯ ರೂಟರಿನಲ್ಲಿ ಅದನ್ನು ಸರಿಮಾಡಿದೆ. "ಪಿಂಗ್ ಹೋಗುತ್ತೆ, ಹಂಗಾದ್ರೆ ಲೈನ್ ಸರಿ ಇದೆ" ಅಂತ ಯಾವತ್ತೂ ಹೇಳಬೇಡಿ.


ಹೊಸಬ_ದಾವಣಗೆರೆ
ಶುಕ್ರವಾರ, ಬೆಳಿಗ್ಗೆ 9:30

ವಿಎಲ್ಯಾನ್ ಮತ್ತು ಸಬ್‌ನೆಟ್ ಎರಡೂ ಒಂದೇನಾ? ಎಲ್ಲಾ ಕಡೆ ಒಟ್ಟಿಗೇ ಬರುತ್ತವೆ.


ಹುಬ್ಬಳ್ಳಿ_ಕೇಬಲ್
ಶುಕ್ರವಾರ, ಬೆಳಿಗ್ಗೆ 10:45

ಒಂದೇ ಅಲ್ಲ. ವಿಎಲ್ಯಾನ್ ಸ್ವಿಚ್ಚನ್ನು ಒಡೆಯುತ್ತದೆ, ಸಬ್‌ನೆಟ್ ವಿಳಾಸವನ್ನು ಒಡೆಯುತ್ತದೆ. 24 ಪೋರ್ಟಿನ ಸ್ವಿಚ್ಚಿನಲ್ಲಿ 12 ಪೋರ್ಟನ್ನು ವಿಎಲ್ಯಾನ್ 10ಕ್ಕೆ, 12ನ್ನು ವಿಎಲ್ಯಾನ್ 20ಕ್ಕೆ ಹಾಕಿದರೆ ಎರಡು ಬೇರೆ ಸ್ವಿಚ್ ಇಟ್ಟ ಹಾಗೆ. ಒಂದರ ಕೂಗು ಇನ್ನೊಂದಕ್ಕೆ ಕೇಳಿಸಲ್ಲ. ಎರಡು ಸ್ವಿಚ್ ನಡುವಿನ ಟ್ರಂಕ್ ಕೇಬಲ್ಲಿನಲ್ಲಿ ಯಾವ ಫ್ರೇಮ್ ಯಾರದು ಅಂತ ತಿಳಿಯಲು 4 ಬೈಟಿನ ಚೀಟಿ ಅಂಟಿಸುತ್ತಾರೆ. ಅದರಲ್ಲಿ ವಿಎಲ್ಯಾನ್ ನಂಬರಿಗೆ 12 ಬಿಟ್, ಬಳಸಲು ಸಿಗುವುದು 4094. ಸಾಮಾನ್ಯವಾಗಿ ಒಂದು ವಿಎಲ್ಯಾನಿಗೆ ಒಂದು ಸಬ್‌ನೆಟ್ ಇಡುತ್ತೇವೆ, ಅದಕ್ಕೇ ಎರಡೂ ಒಂದೇ ಅನ್ನಿಸುತ್ತದೆ. ಇಂಟರ್‌ವ್ಯೂ ಪ್ರಶ್ನೆಯ ಎರಡು ಪಿಸಿಗಳನ್ನು ನೋಡಿ: ಸಬ್‌ನೆಟ್ ಎರಡು, ವಿಎಲ್ಯಾನ್ ಒಂದೇ.


ಎಸ್ಪಿ_ರೋಡ್_ಪ್ರೇಮಿ
ಶುಕ್ರವಾರ, ರಾತ್ರಿ 9:00

ಎಲ್ಲರೂ ಪ್ಯಾಕೆಟ್ ಟ್ರೇಸರ್ ಅನ್ನುತ್ತಿದ್ದೀರಿ. ನನ್ನ ಮಾತು ಬೇರೆ. ನಿಜವಾದ ಡಬ್ಬ ಮುಟ್ಟದೆ ನೆಟ್‌ವರ್ಕ್ ಕಲಿಯಲು ಆಗಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್ ಹುಡುಕಿದರೆ ಸಿಗುತ್ತವೆ. ಸ್ವಿಚ್ಚಿಗೆ ನೇರ ಆಜ್ಞೆ ಕೊಡಲು ನೀಲಿ ಕನ್ಸೋಲ್ ಕೇಬಲ್, ಯುಎಸ್‌ಬಿಯಿಂದ ಸೀರಿಯಲ್ ಮಾಡುವ ತುಂಡು, ಪುಟ್ಟಿ ಸಾಫ್ಟ್‌ವೇರ್, ವೇಗ 9600. ಎಂಟರ್ ಒತ್ತಿದಾಗ ಕಪ್ಪು ಪರದೆಯಲ್ಲಿ "ಸ್ವಿಚ್" ಅಂತ ಮೂಡುತ್ತದಲ್ಲ, ಆ ಧೈರ್ಯ ಸಿಮ್ಯುಲೇಟರಿನಿಂದ ಬರಲ್ಲ. ಮೊದಲ ಕೆಲಸದ ದಿನ ರ‍್ಯಾಕ್ ಮುಂದೆ ನಿಂತಾಗ ಕೈ ನಡುಗಬಾರದು ಅಲ್ವಾ?


ರಾತ್ರಿಪಾಳಿ
ಶುಕ್ರವಾರ, ರಾತ್ರಿ 11:40

ಕನ್ಸೋಲ್ ಕೇಬಲ್ ವಿಷಯ ಒಪ್ಪುತ್ತೇನೆ. ಆದರೆ ಹುಡುಗನ ಸಂಬಳದಲ್ಲಿ ಡಬ್ಬ ಕೊಳ್ಳಲು ಹೇಳುವುದನ್ನು ಒಪ್ಪಲ್ಲ. ಡಬ್ಬ ಇದ್ದೂ ನಾಲ್ಕು ಕಾಲಂ ಬರೆಯಲು ಬಾರದವರನ್ನು ತುಂಬಾ ನೋಡಿದ್ದೇನೆ. ಅವನ ಆಫೀಸಿನಲ್ಲೇ ರ‍್ಯಾಕ್ ಇರುತ್ತದೆ. ಅಲ್ಲಿನ ನೆಟ್‌ವರ್ಕಿನವರನ್ನು ಕೇಳಿಕೊಂಡು ಅವರ ಪಕ್ಕ ನಿಂತು ನೋಡಲಿ.

ಸರ್ಟಿಫಿಕೇಟ್ ಬಗ್ಗೆ ಯಾರಾದರೂ ಕೇಳೇ ಕೇಳುತ್ತಾರೆ, ಈಗಲೇ ಹೇಳುತ್ತೇನೆ. ಸಿಸ್ಕೋ ಕಂಪನಿಯ ಸಿಸಿಎನ್‌ಎ 200-301 ಪರೀಕ್ಷೆ 2020ರ ಫೆಬ್ರವರಿಯಲ್ಲಿ ಬಂತು. ಅದು ಬಂದಾಗಿನ ಪಠ್ಯದಲ್ಲಿ ನೆಟ್‌ವರ್ಕ್ ಬುನಾದಿಗೆ ಶೇ. 20, ಸ್ವಿಚಿಂಗ್ ಮತ್ತು ವೈಫೈ ಕಡೆಗೆ 20, ರೂಟಿಂಗ್‌ಗೆ 25. ಈ ಚರ್ಚೆಯಲ್ಲಿ ಮಾತಾಡುತ್ತಿರುವ ಜಾಗಕ್ಕೇ 65 ಆಯಿತು. ಸರ್ಟಿಫಿಕೇಟ್ ಚಾಲ್ತಿ ಮೂರು ವರ್ಷ. ರೆಸ್ಯೂಮೆ ಮೊದಲ ಸುತ್ತು ದಾಟಲು ಅದು ಸಹಾಯ ಮಾಡುತ್ತದೆ, ನಿಜ. ಆದರೆ ಸೋರಿದ ಪ್ರಶ್ನೆಪತ್ರಿಕೆ (ಡಂಪ್) ಬಾಯಿಪಾಠ ಮಾಡಿ ಬಂದವರು ಎರಡನೇ ಪ್ರಶ್ನೆಗೇ ಗೊತ್ತಾಗುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.


ಡಬ್ಲಿನ್_ಕನ್ನಡತಿ
ಶನಿವಾರ, ಮಧ್ಯಾಹ್ನ 3:20

ನಾನು ಧಾರವಾಡದವಳು. ಈಗ ಐರ್ಲೆಂಡಿನಲ್ಲಿ ಒಂದು ಡೇಟಾ ಸೆಂಟರಿನ ನೆಟ್‌ವರ್ಕ್ ತಂಡದಲ್ಲಿದ್ದೇನೆ. ರೂಟಿಂಗ್ ಟೇಬಲ್ (ಯಾವ ನೆಟ್‌ವರ್ಕಿಗೆ ಯಾವ ಕಡೆ ಅಂತ ರೂಟರ್ ಇಟ್ಟುಕೊಳ್ಳುವ ಪಟ್ಟಿ) ಬಗ್ಗೆ ಯಾರೂ ಮಾತಾಡಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ರೂಟರ್ ಟೇಬಲ್ ಓದುವಾಗ ಒಂದೇ ನಿಯಮ ಎಲ್ಲಕ್ಕಿಂತ ಮೇಲೆ. ವಿಳಾಸಕ್ಕೆ ಹೊಂದುವ ಸಾಲು ಎರಡು ಇದ್ದರೆ, ಹೆಚ್ಚು ಬಿಡಿಸಿ ಹೇಳಿದ ಸಾಲು ಗೆಲ್ಲುತ್ತದೆ. "ಧಾರವಾಡ ಜಿಲ್ಲೆಗೆ ಈ ಕಡೆ" ಅನ್ನುವ ಬೋರ್ಡೂ "ಕಲಘಟಗಿಗೆ ಆ ಕಡೆ" ಅನ್ನುವ ಬೋರ್ಡೂ ಇದ್ದರೆ ಕಲಘಟಗಿಗೆ ಹೋಗುವವರು ಎರಡನೆಯದನ್ನೇ ನೋಡುತ್ತಾರೆ.

ಇದು ಎಷ್ಟು ದೊಡ್ಡ ಮಾತು ಅನ್ನಲು 2008ರ ಫೆಬ್ರವರಿ 24 ನೋಡಿ. ಯೂಟ್ಯೂಬ್ ತನ್ನ ವಿಳಾಸಗಳನ್ನು 208.65.152.0/22 ಅಂತ ಜಗತ್ತಿಗೆ ಸಾರಿತ್ತು. ಅದರಲ್ಲಿ 152ರಿಂದ 155ರವರೆಗೆ ನಾಲ್ಕು ತುಂಡು ಬರುತ್ತವೆ. ಪಾಕಿಸ್ತಾನದಲ್ಲಿ ಯೂಟ್ಯೂಬ್ ತಡೆಯಲು ಆದೇಶ ಆಯಿತು. ಪಾಕಿಸ್ತಾನ್ ಟೆಲಿಕಾಂ 208.65.153.0/24 ನನ್ನ ಹತ್ತಿರ ಇದೆ ಅಂತ ಬಿಜಿಪಿಯಲ್ಲಿ (ದೊಡ್ಡ ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳುವ ಪ್ರೋಟೋಕಾಲ್) ಹಾಕಿತು. ದೇಶದೊಳಗೇ ಇರಬೇಕಾಗಿದ್ದ ಆ ಸಾಲು ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯೂ ಕಂಪನಿಯ ಮೂಲಕ ಹೊರಗೆ ಹೋಯಿತು. /24 ಅನ್ನುವುದು /22ಗಿಂತ ಬಿಡಿಸಿ ಹೇಳಿದ್ದು. ಜಗತ್ತಿನ ರೂಟರ್‌ಗಳೆಲ್ಲ ನಿಯಮದ ಪ್ರಕಾರವೇ ನಡೆದುಕೊಂಡವು, ಯೂಟ್ಯೂಬ್‌ಗೆ ಹೋಗಬೇಕಾದ ಪ್ಯಾಕೆಟ್‌ಗಳು ಪಾಕಿಸ್ತಾನದ ಕಡೆ ತಿರುಗಿ ಸತ್ತವು. ಸುಮಾರು ಎರಡು ಗಂಟೆ ಯೂಟ್ಯೂಬ್ ಇರಲಿಲ್ಲ. ಯೂಟ್ಯೂಬ್ ಏನು ಮಾಡಿತು? ಮೊದಲು ತಾನೂ /24 ಸಾರಿತು. ಆಮೇಲೆ ಅದನ್ನು ಎರಡು /25 ಮಾಡಿ ಸಾರಿತು. ಇನ್ನೂ ಬಿಡಿಸಿ ಹೇಳಿತು.

ಅವತ್ತು ನಡೆದದ್ದನ್ನು ತಿಳಿಯಲು ಬೇಕಾಗಿರುವುದು ಮೇಡಂ ಹೇಳಿದ ಸೈಟಿನ ಲೆಕ್ಕ ಮಾತ್ರ. ನನಗೆ ಸಬ್‌ನೆಟ್ ಮೇಲೆ ಪ್ರೀತಿ ಹುಟ್ಟಿದ್ದು ಈ ಘಟನೆ ಓದಿದ ಮೇಲೆ. ಪುಟ್ಟ ಲ್ಯಾಬಿನಲ್ಲಿ ಕಲಿತ ನಿಯಮವೇ ಇಡೀ ಇಂಟರ್ನೆಟ್ಟನ್ನು ನಡೆಸುತ್ತಿದೆ.

ಹುಡುಗನಿಗೆ ಮುಂದಿನ ಕೆಲಸ: ಮೂರು ರೂಟರ್ ಸಾಲಾಗಿ ಇಡಿ. ಎರಡು ತುದಿಗೂ ಒಂದೊಂದು ಪಿಸಿ. ಸ್ಟ್ಯಾಟಿಕ್ ರೂಟ್, ಅಂದರೆ ಯಾವ ನೆಟ್‌ವರ್ಕಿಗೆ ಯಾವ ಕಡೆ ಅಂತ ಹೇಳುವ ಸಾಲು, ರೂಟರಿನಲ್ಲಿ ನೀವೇ ಬರೆಯಿರಿ.


ರಾಣೆಬೆನ್ನೂರ್_ಹುಡುಗ
ಭಾನುವಾರ, ಸಂಜೆ 6:00

ಅಕ್ಕಾ, ಕಟ್ಟಿದೆ. ನಿನ್ನೆ ರಾತ್ರಿ ಎರಡು ಗಂಟೆವರೆಗೂ ಪಿಂಗ್ ಹೋಗಲಿಲ್ಲ. ರೂಟರ್ 1ರಲ್ಲಿ ದೂರದ ನೆಟ್‌ವರ್ಕಿಗೆ ದಾರಿ ಬರೆದಿದ್ದೆ. ರೂಟರ್ 2ರಲ್ಲಿ ಎರಡೂ ಕಡೆಗೆ ಬರೆದಿದ್ದೆ. ರೂಟರ್ 3ಕ್ಕೆ ಪಿಸಿ2ರ ನೆಟ್‌ವರ್ಕ್ ಪಕ್ಕದಲ್ಲೇ ಇದೆ, ಅದಕ್ಕೆ ಏನೂ ಬೇಡ ಅಂದುಕೊಂಡಿದ್ದೆ. ಐಪಿ ಎಲ್ಲಾ ಹತ್ತು ಸಲ ನೋಡಿದೆ. ಎಲ್ಲಾ ಸರಿ ಇತ್ತು.

ಬೆಳಿಗ್ಗೆ ಎದ್ದು ನೋಟ್‌ಬುಕ್ ತಗೊಂಡು ಕೂತೆ. ಹೋಗುವ ನಾಲ್ಕು ಸಾಲು ಸಲೀಸಾಗಿ ಬಂತು. ಆಮೇಲೆ ವಾಪಸ್ ಬರುವ ಸಾಲು ಬರೆಯಲು ಹೋದೆ. ಪಿಸಿ2ರಿಂದ ರೂಟರ್ 3ಕ್ಕೆ ಬಂತು. ಮುಂದಿನ ಸಾಲಿಗೆ ಪೆನ್ಸಿಲ್ ನಿಂತುಹೋಯಿತು. ರೂಟರ್ 3ಕ್ಕೆ 192.168.10.0 ಎಲ್ಲಿದೆ ಅಂತ ನಾನು ಹೇಳಿಯೇ ಇರಲಿಲ್ಲ. ಹುಬ್ಬಳ್ಳಿ ಅಣ್ಣನ ಪ್ರಿಂಟರ್ ಕಥೆಯೇ. ಒಂದು ಸಾಲು ಸೇರಿಸಿದೆ, ಹೋಯಿತು.


ಡಬ್ಲಿನ್_ಕನ್ನಡತಿ
ಭಾನುವಾರ, ಸಂಜೆ 7:30

ಯಾರನ್ನೂ ಕೇಳದೆ ಕಂಡುಹಿಡಿದಿರಲ್ಲ, ತುಂಬಾ ಖುಷಿಯಾಯಿತು. ಈಗ ಆ ಸ್ಟ್ಯಾಟಿಕ್ ರೂಟ್ ಎಲ್ಲಾ ಅಳಿಸಿ. ರೂಟರ್ 1ರಿಂದ ರೂಟರ್ 3ಕ್ಕೆ ನೇರ ಒಂದು ಕೇಬಲ್ ಎಳೆಯಿರಿ, ತ್ರಿಕೋನ ಆಗಲಿ. ಮೂರರಲ್ಲೂ ದಾರಿಯನ್ನು ತಾನೇ ಕಲಿಯುವ ಓಎಸ್‌ಪಿಎಫ್ ಪ್ರೋಟೋಕಾಲ್ ಹಾಕಿ. ಅದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಹತ್ತಿರದ ದಾರಿ ಹುಡುಕುವ ಲೆಕ್ಕ ಬಳಸುತ್ತದೆ. ಪ್ರತಿ ರೂಟರ್ ಊರಿನ ಪೂರ್ತಿ ನಕ್ಷೆ ಇಟ್ಟುಕೊಂಡು ತಾನೇ ಲೆಕ್ಕ ಹಾಕುತ್ತದೆ. ಪಿಂಗ್ ನಿಲ್ಲಿಸದೆ ಓಡಲು ಬಿಟ್ಟು, ನೇರ ಕೇಬಲ್ಲನ್ನು ಕಿತ್ತುಹಾಕಿ. ಪರದೆಯ ಮೇಲೆ ಏನೇನು ಬದಲಾಗುತ್ತದೆ ಎಲ್ಲಾ ಬರೆದುಕೊಳ್ಳಿ.


ರಾಣೆಬೆನ್ನೂರ್_ಹುಡುಗ
ಸೋಮವಾರ, ರಾತ್ರಿ 11:50

ಮಾಡಿದೆ. ನೇರ ಕೇಬಲ್ ಇದ್ದಾಗ ಪ್ರತಿ ಉತ್ತರದ ಕೊನೆಗೆ ಟಿಟಿಎಲ್ 126 ಅಂತ ಬರುತ್ತಿತ್ತು. ಕೇಬಲ್ ಕಿತ್ತೆ. ಸ್ವಲ್ಪ ಹೊತ್ತು ಪಿಂಗ್ ತಪ್ಪಿತು, ಆಮೇಲೆ ತಾನೇ ಮತ್ತೆ ಶುರುವಾಯಿತು. ನಾನು ಏನನ್ನೂ ಮುಟ್ಟಲಿಲ್ಲ. ಆಗ ನೋಡಿದರೆ ಟಿಟಿಎಲ್ 125.

ಪಿಸಿ2 ಉತ್ತರವನ್ನು 128ರಿಂದ ಕಳಿಸುತ್ತದೆ. ಮೊದಲು ಎರಡು ರೂಟರ್ ದಾಟುತ್ತಿತ್ತು, ಈಗ ಮೂರು. ರೂಟರ್ 2ನ್ನು ಸುತ್ತಿಕೊಂಡು ಬರುತ್ತಿದೆ. ಕೇಬಲ್ ಮತ್ತೆ ಹಾಕಿದೆ, ಸ್ವಲ್ಪ ಹೊತ್ತಿಗೆ 126 ಆಯಿತು. ಇನ್ನೂ ಎರಡು ಸಲ ಕಿತ್ತು ಹಾಕಿ ನೋಡಿದೆ. ನೋಟ್‌ಬುಕ್ಕಿನ 31ನೇ ಪುಟದಲ್ಲಿ ಎರಡು ದಾರಿಯನ್ನೂ ಬರೆದಿಟ್ಟಿದ್ದೇನೆ, ಹೋಗುವುದು, ಬರುವುದು ಎರಡೂ.